ಹತ್ತಿ ಚಕ್ಕಡಿಯ ದಾರಿಯಲ್ಲಿ ಸೈಕಲ್ಲು

ಹುಬ್ಬಳ್ಳಿಯ ಕೇಶ್ವಾಪುರ ದಾಟಿ ಸುಳ್ಳದ ರಸ್ತೆ ಹಿಡಿದರೆ ಪೇಟೆಯ ಗದ್ದಲ ಹಿಂದೆ ಬಿದ್ದು ಎರಿ ಹೊಲಗಳು ಶುರುವಾಗುತ್ತವೆ. ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ಅಲ್ಲೊಂದು ಬೇವು, ಇಲ್ಲೊಂದು ಜಾಲಿ, ಉಳಿದದ್ದೆಲ್ಲ ಬಟಾಬಯಲು. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಜೊತೆಗೆ ಹತ್ತಿ ಬೆಳೆಯುವ ಸೀಮೆಯಿದು. ಇಲ್ಲಿ ಸೈಕಲ್ ತುಳಿಯುವವನಿಗೆ ಹೇಳಿಕೊಳ್ಳುವಂಥ ಏರೂ ಇಲ್ಲ, ಇಳಿವೂ ಇಲ್ಲ. ಇರುವ ವೈರಿಯೆಂದರೆ ಗಾಳಿಯೊಂದೇ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿಗೆ ಎದುರಾಗಿ ಸುಳ್ಳದಿಂದ ಹುಬ್ಬಳ್ಳಿಗೆ ಹೊರಟವನಿಗೆ ಅರ್ಧ ದಾರಿಯಲ್ಲೇ ತೊಡೆ ಬಿಗಿಯುತ್ತದೆ. (ಸುಳ್ಳಕ್ಕೆ ಹೋಗಿದ್ದೆ ಎಂದು ಕಚೇರಿಯಲ್ಲಿ ಹೇಳಿದರೆ ಗೆಳೆಯರು ನಂಬುವುದಿಲ್ಲ. ಊರಿನ ಹೆಸರೇ ಹಾಗಿದೆ.)

ಈ ಗಾಳಿ ಬರುವ ದಿಕ್ಕಿಗೇ ಸುಮಾರು ನೂರೈವತ್ತು ಕಿಲೊಮೀಟರ್ ತುಳಿದರೆ ಅರಬ್ಬೀ ಸಮುದ್ರ. ಇತ್ತೀಚಿನ ವರ್ಷಗಳಲ್ಲಿ ಹುಬ್ಬಳ್ಳಿ–ಧಾರವಾಡದ ಸೈಕಲ್ ಹವ್ಯಾಸಿಗಳು ಶನಿವಾರ–ಭಾನುವಾರ ಬಂತೆಂದರೆ ತೆಳು ಗಾಲಿಯ ಸೈಕಲ್ಲೇರಿ ಕಲಘಟಗಿ, ಯಲ್ಲಾಪುರದ ಹಾದಿ ಹಿಡಿಯುತ್ತಾರೆ. ಫ್ರಾನ್ಸಿನಲ್ಲಿ ಹುಟ್ಟಿದ ‘ಬ್ರೆವೆ’ ಎಂಬ ದೂರದ ಸವಾರಿಯ ಪದ್ಧತಿ ನಮ್ಮಲ್ಲಿಗೂ ಬಂದಿದೆ. ಇನ್ನೂರು ಕಿಲೊಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕೆಂಬುದು ಅದರ ನಿಯಮ. ಅದರಲ್ಲಿ ಯಾರೂ ಮೊದಲಿಗರಲ್ಲ, ಯಾರೂ ಕೊನೆಯವರಲ್ಲ, ಮುಗಿಸಿದರಾಯಿತು. ಬಯಲು, ಕಾಡು, ಘಟ್ಟ, ಕಡಲು ನಾಲ್ಕನ್ನೂ ಒಂದೇ ದಿನದಲ್ಲಿ ತೋರಿಸುವ ಇಂಥ ದಾರಿ ಬೇರೆಡೆ ಅಪರೂಪ ಎಂದು ಅವರು ಹೆಮ್ಮೆಪಡುವುದುಂಟು. ಹೆಮ್ಮೆ ಸರಿಯೇ. ಆದರೆ ಈ ದಾರಿ ಸೈಕಲ್ಲಿಗಾಗಿ ಆದದ್ದಲ್ಲ, ಮೋಟಾರಿಗಾಗಿ ಆದದ್ದೂ ಅಲ್ಲ. ಇದು ಹತ್ತಿಗಾಗಿ ಆದ ದಾರಿ. ಇದರ ಏರು ಎಷ್ಟಿರಬೇಕು, ತಿರುವು ಎಲ್ಲಿ ಬರಬೇಕು ಎಂಬುದನ್ನೆಲ್ಲ ಗೊತ್ತುಮಾಡಿದ್ದು ಎತ್ತಿನ ಹೆಗಲು.

ರಸ್ತೆ ಆಗುವ ಮೊದಲೂ ಸಾಗಾಟ ಇತ್ತು. ಲಂಬಾಣಿಗರು ಹೇರೆತ್ತುಗಳ ಹಿಂಡು ಕಟ್ಟಿಕೊಂಡು ಬಯಲಿನ ಕಾಳನ್ನು ಘಟ್ಟದ ಕೆಳಗೆ ಇಳಿಸುತ್ತಿದ್ದರು. ಮರಳುವಾಗ ಅದೇ ಎತ್ತುಗಳ ಬೆನ್ನ ಮೇಲೆ ಉಪ್ಪಿನ ಹೇರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಗೋಕರ್ಣ, ಅಂಕೋಲಾ, ಯಲ್ಲಾಪುರ, ಸೋಂದಾಗಳನ್ನು ಹಾದು ಹೋದ. ಆಗ ಘಟ್ಟದಲ್ಲಿದ್ದದ್ದು ಕಾಲುಹಾದಿ ಮತ್ತು ಎತ್ತಿನ ಹಾದಿ. ಗಾಲಿ ಉರುಳುವ ರಸ್ತೆ ಆದದ್ದು 19ನೇ ಶತಮಾನದ ನಡುವಿನ ದಶಕಗಳಲ್ಲಿ. ಅದರ ಹಿಂದಿನ ಒತ್ತಡ ಬಂದದ್ದು ಹುಬ್ಬಳ್ಳಿಯಿಂದಲ್ಲ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ.

ಲ್ಯಾಂಕಾಶೈರಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಒಂದೇ ದೇಶವನ್ನು ನೆಚ್ಚುವುದು ಅಪಾಯವೆಂದು ಅಲ್ಲಿನ ವ್ಯಾಪಾರಸ್ಥರಿಗೆ ಬಹಳ ಮೊದಲೇ ಅನಿಸಿತ್ತು. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿ ನೋಡಿದರು. ಹಿಂದುಸ್ತಾನದ ಬಹುತೇಕ ಕಡೆ ಸೋತ ಆ ಪ್ರಯೋಗ ಧಾರವಾಡದ ಎರಿಯಲ್ಲಿ ನೆಲೆಯೂರಿತು. ‘ಧಾರವಾಡ ಅಮೆರಿಕನ್’ ಎಂದು ಅದಕ್ಕೆ ಹೆಸರಾಯಿತು. ಅದರ ಜೊತೆಗೆ ನಮ್ಮದೇ ಜವಾರಿ ಹತ್ತಿಯೂ ಇತ್ತು. ಎರಡೂ ಸಮುದ್ರ ಸೇರುತ್ತಿದ್ದದ್ದು ಮುಖ್ಯವಾಗಿ ಕುಮಟಾದ ಮೂಲಕ. ಹೀಗಾಗಿ ಲಿವರ್‌ಪೂಲಿನ ಪೇಟೆಯಲ್ಲಿ ಧಾರವಾಡದ ಜವಾರಿ ಹತ್ತಿಗೆ ‘ಕುಮಟಾ’ ಎಂದೇ ಹೆಸರು ಬಿತ್ತು. ತೆಂಗು, ಭತ್ತ, ಮೀನಿನ ಊರಾದ ಕುಮಟಾಕ್ಕೂ ಹತ್ತಿಯ ಬೇಸಾಯಕ್ಕೂ ಯಾವ ಸಂಬಂಧವೂ ಇಲ್ಲ. ಬೆಳೆದ ಊರಿನ ಹೆಸರು ಅಳಿದು ಹಡಗು ಏರಿದ ಊರಿನ ಹೆಸರು ಉಳಿಯಿತು.

ಹತ್ತಿಯ ಸಾಗಾಟದಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಕಾಲದ್ದು. ಜವಾರಿ ಹತ್ತಿ ಬಿತ್ತುವುದು ಮಳೆಗಾಲದ ನಡುವೆ, ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲಿನವರೆಗೆ. ಜೂನಿನಲ್ಲಿ ಮಳೆ ಹಿಡಿದರೆ ಕಡಲು ಮುಚ್ಚಿತು, ಘಟ್ಟವೂ ಮುಚ್ಚಿತು. ಬಿಡಿಸಿದ ಹತ್ತಿಯ ಬೀಜ ತೆಗೆದು, ಅರಳೆಯನ್ನು ಅಂಡಿಗೆಗೆ ತುಳಿದು ತುಂಬಿ, ಚಕ್ಕಡಿ ಕಟ್ಟಿ, ಘಟ್ಟ ಇಳಿಸಿ ಪತ್ತೆಮಾರಿಗೆ ಹಾಕಲು ಇದ್ದದ್ದು ಹೆಚ್ಚೆಂದರೆ ಮೂರು ತಿಂಗಳು. ಎರಿ ಸೀಮೆಯಿಂದ ಶಿರಸಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ನೂರಾ ಅರವತ್ತು ಕಿಲೊಮೀಟರಿಗೆ ಕಡಿಮೆಯಿಲ್ಲ. ಹೇರು ತುಂಬಿದ ಚಕ್ಕಡಿ ದಿನಕ್ಕೆ ಹದಿನೈದಿಪ್ಪತ್ತು ಕಿಲೊಮೀಟರ್ ನಡೆದೀತು. ಎಂಟು–ಹತ್ತು ದಿನದ ಪ್ರಯಾಣ. ಇಳಿದ ಮೇಲೆ ಕುಮಟಾದಲ್ಲಿ ಹಡಗು ದಂಡೆಗೆ ಬರುವುದಿಲ್ಲ. ದೂರ ಕಡಲಲ್ಲೇ ನಿಲ್ಲಬೇಕು, ಸರಕು ದೋಣಿಯಲ್ಲಿ ಹೋಗಬೇಕು. ಈ ಎಲ್ಲ ಹಂತಗಳಲ್ಲೂ ಹತ್ತಿಗೆ ದೂಳು, ಬೀಜ, ನೀರು ಬೆರೆಯುತ್ತಿತ್ತು. ಬೆರೆತದ್ದೆಷ್ಟು, ಬೆರೆಸಿದ್ದೆಷ್ಟು ಎಂಬುದು ಬೇರೆ ಮಾತು. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯಲೆಂದೇ ಒಂದು ಕಾಯಿದೆ ಮಾಡಬೇಕಾಯಿತು.

ಇನ್ನೊಂದು ತೊಡಕು ಆಡಳಿತದ್ದು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಇಲಾಖೆಯಲ್ಲಿ. ಅದನ್ನು ಕಡಲಿಗೆ ಮುಟ್ಟಿಸುವ ಕೆನರಾ ಮದರಾಸು ಇಲಾಖೆಯಲ್ಲಿ. ಮುಂಬಯಿಯ ಹತ್ತಿಗಾಗಿ ಮದರಾಸು ಏಕೆ ರಸ್ತೆ ಮಾಡಬೇಕು? 1857ರಲ್ಲಿ ಹುಟ್ಟಿದ ಮ್ಯಾಂಚೆಸ್ಟರಿನ ಹತ್ತಿ ಪೂರೈಕೆ ಸಂಘ ಈ ಬಗ್ಗೆ ಲಂಡನ್ನಿನಲ್ಲಿ ಗದ್ದಲ ಎಬ್ಬಿಸಿತು. ಕುಮಟಾಕ್ಕಿಂತ ಕಾರವಾರದ ಕೊಲ್ಲಿ ಉತ್ತಮ, ಅಲ್ಲಿ ಬಂದರಾಗಬೇಕು, ಘಟ್ಟ ಕಡಿದು ರಸ್ತೆಯಾಗಬೇಕು ಎಂಬುದು ಅವರ ಬೇಡಿಕೆ. ಕೊನೆಗೆ ಕೆನರಾವನ್ನೇ ಎರಡು ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಲಾಯಿತು. ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂಬ ವಿಂಗಡಣೆಯ ಹಿಂದೆ ಹತ್ತಿಯ ಅಂಡಿಗೆಯೂ ಇದೆ ಎಂಬುದು ಅನೇಕರಿಗೆ ಹೊಸ ಸಂಗತಿಯಾಗಬಹುದು.

ಅದೇ ಹೊತ್ತಿಗೆ ಅಮೆರಿಕದ ಅಂತರ್ಯುದ್ಧ (1861–65) ನಡೆದಿತ್ತು. ಅಲ್ಲಿನ ಹತ್ತಿ ನಿಂತಿತು, ಇಲ್ಲಿನ ಬೆಲೆ ಆಕಾಶಕ್ಕೇರಿತು. ಮ್ಯಾಂಚೆಸ್ಟರಿನ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ತಂದು ಕಾರವಾರದ ಬಳಿಯ ಸದಾಶಿವಗಡದಲ್ಲಿ ಇಳಿಸಿಯೇಬಿಟ್ಟಿತು. ರಸ್ತೆ ಮಾತ್ರ ಇನ್ನೂ ಮುಗಿದಿರಲಿಲ್ಲ. ಯಂತ್ರ ಕಡಲ ದಂಡೆಯಲ್ಲಿ, ಹತ್ತಿ ಘಟ್ಟದ ಮೇಲೆ! ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ರಸ್ತೆಗಳು ಆಮೇಲೆ ಒಂದೊಂದಾಗಿ ಮುಗಿದವು: ಕಾರವಾರಕ್ಕೆ ಕೈಗಾದ ದಾರಿ, ಯಲ್ಲಾಪುರದಿಂದ ಅಂಕೋಲೆಯ ಕಡೆ ಇಳಿಯುವ ಅರಬೈಲ್ ಘಟ್ಟದ ದಾರಿ.

1876ರಿಂದ 78ರವರೆಗೆ ಬಿದ್ದ ಭೀಕರ ಬರದಲ್ಲಿ ಈ ದಾರಿಯ ದಿಕ್ಕೇ ತಿರುಗಿತು. ಹತ್ತಿ ಇಳಿಯುತ್ತಿದ್ದ ಘಟ್ಟವನ್ನು ಕಡಲ ಮೂಲಕ ಬಂದ ಕಾಳು ಏರಬೇಕಾಯಿತು. ಆದರೆ ಎತ್ತಿಗೇ ಮೇವಿಲ್ಲದಾಗ ಚಕ್ಕಡಿ ಎಳೆಯುವವರಾರು? ಬರ ಬಂದರೆ ಎತ್ತಿನ ಸಾಗಾಟ ಸಾಲದು ಎಂಬ ಪಾಠ ಸರಕಾರಕ್ಕೆ ಅಷ್ಟು ಹೆಣ ಬಿದ್ದ ಮೇಲೆ ಹತ್ತಿತು. ಬರ ಪರಿಹಾರದ ನೆಪದಿಂದಲೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿಕೊಂಡಿತು. 1888ರಲ್ಲಿ ಹಳಿ ಕ್ಯಾಸಲ್‌ರಾಕ್ ದಾಟಿ ಪೋರ್ಚುಗೀಜರ ಮಾರ್ಮುಗಾವ್ ಬಂದರಿಗೆ ಕೂಡಿತು. ಹುಬ್ಬಳ್ಳಿಯ ಹತ್ತಿ ಎಂಟು–ಹತ್ತು ದಿನದ ಚಕ್ಕಡಿಯನ್ನು ಬಿಟ್ಟು ರೈಲು ಹತ್ತಿತು. ಕುಮಟಾದ ವ್ಯಾಪಾರ ಇಳಿಮುಖವಾಯಿತು. ಮ್ಯಾಂಚೆಸ್ಟರಿನವರು ಕನಸು ಕಂಡ ಕಾರವಾರ ಬಂದರೂ ಮೂಲೆಗೆ ಬಿತ್ತು.

ಅದೇ 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಜಾನ್ ಡನ್‌ಲಪ್ ಎಂಬ ಪಶುವೈದ್ಯ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮಾಡಿದ್ದ ಗಾಳಿ ತುಂಬುವ ಟೈರಿಗೆ ಪೇಟೆಂಟು ಪಡೆದ. ಮೂರು ವರ್ಷದ ಹಿಂದೆ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿ ಕೊವೆಂಟ್ರಿಯಲ್ಲಿ ಎರಡೂ ಗಾಲಿ ಸರಿಸುಮಾರು ಒಂದೇ ಅಳತೆಯ, ಚೈನಿನಿಂದ ಓಡುವ ‘ರೋವರ್’ ಸೈಕಲ್ಲನ್ನು ಪೇಟೆಗೆ ಬಿಟ್ಟಿದ್ದ. ಇವೆರಡೂ ಕೂಡಿದಾಗ ಇಂದಿನ ಸೈಕಲ್ಲು ಹುಟ್ಟಿತು. ಹತ್ತಿಯ ದಾರಿ ಬರಿದಾದ ವರ್ಷವೇ ಅದರ ಮುಂದಿನ ಸವಾರನ ಗಾಲಿಗೆ ಗಾಳಿ ತುಂಬಿತು ಎನ್ನಬಹುದು. ಆತ ಇಲ್ಲಿಗೆ ಬಂದು ಮುಟ್ಟಲು ಮಾತ್ರ ಬಹಳ ವರ್ಷ ಹಿಡಿಯಿತು.

ಸ್ವಾತಂತ್ರ್ಯದ ಮೊದಲು ಹಳ್ಳಿಗಳಲ್ಲಿ ಸೈಕಲ್ಲು ಎಂದರೆ ಶ್ರೀಮಂತಿಕೆ. ರ‍್ಯಾಲಿ, ಹಂಬರ್‌ಗಳೆಲ್ಲ ಇಂಗ್ಲೆಂಡಿನಿಂದ ಬರಬೇಕು. 1950ರ ದಶಕದಲ್ಲಿ ಮದರಾಸು, ಅಸನ್ಸೋಲ್, ಸೋನಿಪತ್, ಲೂಧಿಯಾನಾಗಳಲ್ಲಿ ಕಾರ್ಖಾನೆಗಳಾದ ಮೇಲೆ ಅದು ಶಿಕ್ಷಕರ, ಅಂಚೆಯವರ, ಹಾಲಿನವರ ಗಾಡಿಯಾಯಿತು. ಅಳಿಯನಿಗೆ ವಾಚು, ರೇಡಿಯೊ ಜೊತೆ ಸೈಕಲ್ಲನ್ನೂ ಕೊಡಬೇಕಾಯಿತು. ಪೇಟೆಯಲ್ಲಿ ತುಳಿಯಲು ಪುರಸಭೆಯ ಹಿತ್ತಾಳೆ ಬಿಲ್ಲೆ ಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಸಿಕ್ಕರೆ, ಹಿಂದೊಬ್ಬನನ್ನು ಕೂರಿಸಿಕೊಂಡು ಸಿಕ್ಕರೆ ದಂಡ. 2006–07ರಲ್ಲಿ ಕರ್ನಾಟಕ ಸರಕಾರ ಶಾಲೆಯ ಹುಡುಗಿಯರಿಗೆ ಉಚಿತ ಸೈಕಲ್ಲು ಕೊಡಲು ಶುರು ಮಾಡಿದಾಗ ಹಳ್ಳಿಯಿಂದ ಹೈಸ್ಕೂಲಿಗೆ ಹೋಗುವ ಎರಿ ದಾರಿಗಳ ಚಿತ್ರವೇ ಬದಲಾಯಿತು. ಹಾಗೆಂದು ಎರಿ ಸೀಮೆ ಸೈಕಲ್ಲಿಗೆ ಸುಲಭದ್ದಲ್ಲ. ಒಂದು ಹದ ಮಳೆಯಾದರೆ ಸಾಕು, ಎರಿಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಹತ್ತು ಮಾರಿಗೊಮ್ಮೆ ಗಾಲಿ ಗಕ್ಕನೆ ನಿಲ್ಲುತ್ತದೆ. ಆಗ ಕಡ್ಡಿಯಿಂದ ಕೆದರಬೇಕು, ಇಲ್ಲವೇ ಸೈಕಲ್ಲನ್ನೇ ಹೆಗಲ ಮೇಲೆ ಹೊರಬೇಕು. ಹತ್ತಿ ಚಕ್ಕಡಿಗೂ ಇದೇ ಕಷ್ಟವಿತ್ತು. ಈ ಕಡೆ ರಸ್ತೆಗೆ ಹಾಕಲು ಕಲ್ಲು ಹತ್ತಿರದಲ್ಲಿ ಸಿಗುವುದಿಲ್ಲ. ಹಾಕಿದ ಖಡಿಯನ್ನು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ನೆಲ ನುಂಗುತ್ತದೆ. ಅಕಾಲಿಕ ಮಳೆಗೆ ಸಿಕ್ಕ ಗಾಡಿಗೆ ಘಟ್ಟಕ್ಕಿಂತ ಬಯಲೇ ದೊಡ್ಡ ಕಂಟಕವಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ನಾನೂ ಸುಳ್ಳದಿಂದ ಹೊರಟೆ. ಕುಮಟಾಕ್ಕೆ ಸೈಕಲ್ಲಿನಲ್ಲಿ ಎಂದಾಗ ಚಹಾದಂಗಡಿಯಲ್ಲಿ ಕುಳಿತ ಹಿರಿಯರು ನನ್ನನ್ನೂ ಸೈಕಲ್ಲನ್ನೂ ಒಮ್ಮೆ ನೋಡಿ, ಬಸ್ಸು ತಪ್ಪಿತೇ ಎಂದು ವಿಚಾರಿಸಿದರು. ಸುಳ್ಳದ ಬಯಲಿಗೆ ಬಿದ್ದ ಮಳೆ ಬೆಣ್ಣಿಹಳ್ಳ ಸೇರಿ, ಮಲಪ್ರಭೆಯ ಮೂಲಕ ಕೃಷ್ಣೆಗೆ ಹೋಗಿ, ಬಂಗಾಳ ಕೊಲ್ಲಿ ಮುಟ್ಟುತ್ತದೆ. ಹುಬ್ಬಳ್ಳಿ–ಧಾರವಾಡದ ದಿಬ್ಬ ದಾಟಿ ಪಡುವಣಕ್ಕೆ ಬಿದ್ದ ಮಳೆ ಬೇಡ್ತಿಯ ಪಾಲು. ಆ ಬೇಡ್ತಿಯೇ ಕಲಘಟಗಿಯ ಸೀಮೆ ಹಾದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆ–ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ಒಂದು ಗಂಟೆಯ ಸೈಕಲ್ ಸವಾರಿಯಲ್ಲಿ ಒಂದು ಸಮುದ್ರದ ನೀರಿನಿಂದ ಇನ್ನೊಂದು ಸಮುದ್ರದ ನೀರಿಗೆ ಬಂದಿರುತ್ತೇವೆ. ಗೊತ್ತಾಗುವುದು ಮಾತ್ರ ಕಲಘಟಗಿ ಹತ್ತಿರವಾದಾಗ: ಎರಿ ಹೋಗಿ ಮಸಾರಿ ಬಂದಿರುತ್ತದೆ, ಜೋಳ ಹೋಗಿ ಭತ್ತ ಬಂದಿರುತ್ತದೆ. ಕಿರವತ್ತಿಯಿಂದ ಕಾಡು. ನೆರಳು ಕಂಡೊಡನೆ ಕಾಲಿಗೆ ಅರ್ಧ ದಣಿವು ಇಳಿಯುತ್ತದೆ.

ಯಲ್ಲಾಪುರ ದಾಟಿ ಇಡಗುಂದಿ ಕಳೆದ ಮೇಲೆ ಅರಬೈಲ್. ಈ ಘಟ್ಟ ಇಳಿಯುವಾಗ ಹಳೆಯ ಇಂಜಿನಿಯರುಗಳ ಲೆಕ್ಕ ಮೈಗೆ ತಿಳಿಯುತ್ತದೆ. ಆ ಕಾಲದ ಘಟ್ಟದ ರಸ್ತೆಗಳಲ್ಲಿ ಇಪ್ಪತ್ತು ಅಡಿ ಮುಂದೆ ಹೋದರೆ ಒಂದಡಿ ಏರು, ಅದರ ಆಸುಪಾಸು, ಎಂಬ ಅಳತೆ ಸಾಮಾನ್ಯವಾಗಿತ್ತು. ಅದಕ್ಕಿಂತ ಕಡಿದಾದರೆ ಹೇರು ತುಂಬಿದ ಜೋಡೆತ್ತು ಏರಲಾರದು. ಇಳಿಯುವಾಗ ಗಾಡಿಯ ಭಾರವೆಲ್ಲ ಹೆಗಲಿನ ಮೇಲೆ ನುಗ್ಗಿ ಎತ್ತು ಮುಗ್ಗರಿಸೀತು. ಆದ್ದರಿಂದ ಗುಡ್ಡವನ್ನು ನೇರ ಕಡಿಯದೆ ಅದರ ಮೈ ಹಿಡಿದು, ಸುತ್ತಿ ಬಳಸಿ ದಾರಿ ಒಯ್ದರು. ಎತ್ತಿಗೆ ತಕ್ಕ ಏರು ಮನುಷ್ಯನ ಕಾಲಿಗೂ ತಕ್ಕದ್ದು. ಸೈಕಲ್ಲಿನವರು ಮರಳುವಾಗ ಕೆಳಗಿಳಿಯದೆ ಘಟ್ಟ ಏರಿದೆವೆಂದು ಬೀಗುವುದಕ್ಕೆ ಅರ್ಧ ಪುಣ್ಯ ಆ ಎತ್ತುಗಳದ್ದು.

ಆದರೆ ಇಂದು ಅದೇ ತಿರುವುಗಳಲ್ಲಿ ಹದಿನಾರು ಗಾಲಿಯ ಲಾರಿಗಳು ಓಡುತ್ತಿವೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 1999ರಲ್ಲಿ ಅಡಿಗಲ್ಲು ಬಿತ್ತು. ಕಾಡಿನ ಪ್ರಶ್ನೆಯಲ್ಲಿ ಸಿಕ್ಕ ಆ ಹಳಿ ಇನ್ನೂ ಘಟ್ಟ ಇಳಿದಿಲ್ಲ. ಭಾರವೆಲ್ಲ ಈ ರಸ್ತೆಯ ಮೇಲೆಯೇ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಹಣ್ಣು–ತರಕಾರಿ ಹೇರಿಕೊಂಡು ಹೊರಟ ಲಾರಿಯೊಂದು ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ಸತ್ತರು. ಅವರು ಹೊರಟದ್ದು ಕುಮಟಾದ ಬುಧವಾರದ ಸಂತೆಗೆ. ಹತ್ತಿ ನಿಂತು ನೂರು ವರ್ಷ ಮೀರಿದರೂ ಬಯಲುಸೀಮೆಯ ಜನ ಕುಮಟಾಕ್ಕೆ ಸರಕು ಇಳಿಸುವುದನ್ನು ಬಿಟ್ಟಿಲ್ಲ. ಗುಳ್ಳಾಪುರ ದಾಟುವಾಗ ನಾನು ಇಳಿದು ನಡೆದೆ. ಧೈರ್ಯ ಸಾಲಲಿಲ್ಲ ಎಂದರೂ ತಪ್ಪಿಲ್ಲ. ಹಿಂದಿನಿಂದ ಬರುವ ಲಾರಿಗೆ ಜಾಗ ಬಿಡಲು ರಸ್ತೆಯ ಅಂಚಿನಲ್ಲಿ ಒಂದು ಮೊಳ ಮಣ್ಣೂ ಇರಲಿಲ್ಲ.

ಕೆಳಗೆ ರಾಮನಗುಳಿ, ಸುಂಕಸಾಳ, ಹೊಸಕಂಬಿ. ಗಂಗಾವಳಿ ಹೊಳೆ ಜೊತೆಗಿರುತ್ತದೆ. ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿ ಕೂಡುತ್ತದೆ. ಇಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಶಿರೂರು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಜರಿದು, ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ನಿಂತ ಲಾರಿಗಳನ್ನೂ ಹೊಳೆಗೆ ತಳ್ಳಿತು. ರಸ್ತೆ ಅಗಲಿಸಲು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದೇ ಇದಕ್ಕೆ ಕಾರಣವೆಂಬ ದೂರು ಆಗ ಬಲವಾಗಿ ಕೇಳಿಬಂತು. ಕುಮಟಾ–ಶಿರಸಿ ದಾರಿಯೂ ಈಗ ರಾಷ್ಟ್ರೀಯ ಹೆದ್ದಾರಿಯಾಗಿ ಅಗಲವಾಗುತ್ತಿದೆ. ದೇವಿಮನೆಯ ಹಳೆಯ ತಿರುವುಗಳಲ್ಲಿ ಎಷ್ಟು ಉಳಿದಾವು ಎಂಬ ಕಳವಳ ಅಲ್ಲಿ ತುಳಿದವರಿಗೆಲ್ಲ ಇದೆ. ರಸ್ತೆ ಬೇಡವೆಂದಲ್ಲ. ಶಿರಸಿಯಿಂದ ಕರಾವಳಿಯ ಆಸ್ಪತ್ರೆಗೆ ಹೊರಟ ರೋಗಿಗೆ ಒಳ್ಳೆಯ ರಸ್ತೆ ಬೇಕೇ ಬೇಕು. ಅಗಲ ಮಾಡುವವರು ಅಂಚಿನಲ್ಲಿ ನಾಲ್ಕಡಿಯನ್ನು ನಡೆಯುವವನಿಗೂ ತುಳಿಯುವವನಿಗೂ ಬಿಡಬೇಕೆಂದು ಕೇಳುವುದು ಹೆಚ್ಚಾಗಲಾರದು.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣಕ್ಕೆ ತಿರುಗಿದರೆ ಜೀವ ಬರುತ್ತದೆ. ಗೋಕರ್ಣದ ಮೇಲಿನ ಗುಡ್ಡದಲ್ಲಿ ಕೆಂಪು ಮುರಕಲ್ಲಿನ ಬೋಳು ಬಯಲಿದೆ. ಮರವಿಲ್ಲ, ಬರೀ ಹುಲ್ಲು, ಕಲ್ಲು, ಗಾಳಿ, ಕೆಳಗೆ ಕಡಲು. ಸುಳ್ಳದ ಬಟಾಬಯಲೇ ಬಣ್ಣ ಬದಲಿಸಿ ಇಲ್ಲಿ ಬಂದು ಕುಳಿತಂತೆ ನನಗೆ ಕಂಡಿತು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಇಂಥ ಬೋಳು ಬಯಲಿಗೆ ‘ಮೂರ್’ ಎನ್ನುತ್ತಾರೆ. ಅಲ್ಲಿ ಮೂರಿನ ಅಂಚಿನಲ್ಲಿ ಕಡಲಗುಂಟ ಸ್ಕಾರ್‌ಬರೊದಿಂದ ವಿಟ್‌ಬಿಗೆ ಒಂದು ರೈಲು ಮಾರ್ಗವಿತ್ತು. 1965ರಲ್ಲಿ ಅದನ್ನು ಮುಚ್ಚಿ ಹಳಿ ಕಿತ್ತರು. ಆ ದಾರಿ ಈಗ ನಡೆಯುವವರ, ಸೈಕಲ್ಲಿನವರ ಪಾಲಾಗಿದೆ. ಅವರಲ್ಲಿ ರೈಲು ಸತ್ತು ಸೈಕಲ್ಲಿಗೆ ದಾರಿಯಾಯಿತು. ನಮ್ಮಲ್ಲಿ ರೈಲು ಬಂದು ಬರಿದಾದ ಚಕ್ಕಡಿಯ ದಾರಿ ಮೋಟಾರಿನ ಪಾಲಾಯಿತು. ಅಂದ ಹಾಗೆ, ನಮ್ಮ ಹತ್ತಿಯನ್ನು ನೂತ ಲ್ಯಾಂಕಾಶೈರ್ ಇದೇ ಯಾರ್ಕ್‌ಶೈರಿನ ಪಕ್ಕದ ಸೀಮೆ.

ತದಡಿಯಲ್ಲಿ ದೋಣಿಗೆ ಸೈಕಲ್ಲು ಏರಿಸಿ ಅಘನಾಶಿನಿ ದಾಟಿ ಕುಮಟಾ ಸೇರಿದೆ. ಪತ್ತೆಮಾರಿಗಳಿಲ್ಲ, ಅಂಡಿಗೆಗಳಿಲ್ಲ. ದಂಡೆಯಲ್ಲಿ ಮೀನಿನ ದೋಣಿಗಳು, ಆಟವಾಡುವ ಹುಡುಗರು. ಧಾರವಾಡದ ಹತ್ತಿ ಎಲ್ಲಿ ಏರುತ್ತಿತ್ತು ಎಂದು ಇಬ್ಬರು ಮೂವರನ್ನು ಕೇಳಿದೆ. ಹತ್ತಿ ಅಂಗಡಿ ಪೇಟೆಯಲ್ಲಿದೆ ಎಂದು ಒಬ್ಬರು ದಾರಿ ತೋರಿಸಿದರು.

ಮರುದಿನ ಮರಳುವಾಗ ಸಾಣ್ಕಟ್ಟೆಯ ಉಪ್ಪಿನಾಗರ ನೋಡಿಕೊಂಡು ಹೊರಟೆ. ಪಾತಿಗಳಲ್ಲಿ ಕಡಲ ನೀರು ಬಿಸಿಲಿಗೆ ಹೆಪ್ಪುಗಟ್ಟುವ ಕೆಲಸ ಈಗಲೂ ನಡೆದಿದೆ. ಹಿಂದೆ ಹತ್ತಿ ಇಳಿಸಿದ ಚಕ್ಕಡಿಗಳು ಬರಿದಾಗಿ ಘಟ್ಟ ಏರುತ್ತಿರಲಿಲ್ಲ, ಉಪ್ಪು, ತೆಂಗು ಹೇರಿಕೊಂಡೇ ಹೋಗುತ್ತಿದ್ದವು. ನಾನೂ ಎರಡು ಕಿಲೊ ಹರಳುಪ್ಪು ಕೊಂಡು ಕ್ಯಾರಿಯರಿಗೆ ಕಟ್ಟಿದೆ. ಅರಬೈಲಿನ ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಒಂದೇ ಕಿಲೊ ಕೊಳ್ಳಬೇಕಿತ್ತು ಅನಿಸಿತು.